ಕೆಂಪು ಗೆರೆಯ ಆಚೆ

ನಾನು ಒಂದು ಡೀಸೆಲ್ ಎಂಜಿನ್. ಹುಟ್ಟಿದ್ದು ಕಾರಿನ ಒಡಲಿಗೆಂದು. ಆ ಕಾರು ಮರಕ್ಕೆ ಗುದ್ದಿ ನುಜ್ಜುಗುಜ್ಜಾದ ಮೇಲೆ ಗುಜರಿಯಲ್ಲಿ ಬಿದ್ದಿದ್ದೆ. ಬ್ಯಾಡಗಿಯ ಮೆಕ್ಯಾನಿಕ್ ದಸ್ತಗೀರ ನನ್ನನ್ನು ಎತ್ತಿ ತಂದು, ಹೊಸ ಪಿಸ್ಟನ್, ಹೊಸ ರಿಂಗು ಹಾಕಿ, ಶಿವಲೀಲಾಳ ಹಳೆಯ ಜೀಪಿಗೆ ಕೂರಿಸಿದ. ಆ ಜೀಪಿನ ಬಾಡಿಗೆಯಿಂದಲೇ ಅವಳ ಮನೆ ನಡೆಯಬೇಕಿತ್ತು.

ನನ್ನೊಳಗೆ ಗಾಳಿ ಒತ್ತಿ ತುಂಬುವ ಟರ್ಬೊ ಇದೆ. ಒತ್ತಡ ಏರಿದಷ್ಟೂ ನನಗೆ ಬಲ. ಆದರೆ ಹೊಸ ರಿಂಗುಗಳು ಹೊಂದಿಕೊಳ್ಳುವ ಮೊದಲೇ ಏರಿದರೆ ಸಿಲಿಂಡರ್ ಗೀರಿಹೋಗುತ್ತದೆ. ಅದಕ್ಕೇ ದಸ್ತಗೀರ ಒತ್ತಡ ಕಾಯುವ ಕಡ್ಡಿಯನ್ನು, ಅದು ಹೆಚ್ಚು ಏರದಂತೆ ಸಡಿಲಿಸಿ, ಶಿವಲೀಲಾಳ ಕಣ್ಣೆದುರು ಒಂದು ಮೀಟರ್ ಕೂರಿಸಿ, ಅದರ ಮೇಲೆ ಕೆಂಪು ಗೆರೆ ಎಳೆದ. ಮುಳ್ಳು ಗೆರೆ ದಾಟಬಾರದೆಂದು ಹೇಳಿ ಹೇಳಿ ಅವಳ ತಲೆ ತಿಂದ. ನಂಬಿಕೆ ಸಾಲದೆ ತಾನೂ ಪಕ್ಕದಲ್ಲಿ ಕೂತು ಬರುತ್ತಿದ್ದ.

ಹಾಗೆ ಹೊರಟ ಒಂದು ಸಂಜೆ, ಹಳ್ಳದ ನಡುವೆ ಮೂರು ಗಾಲಿಯ ಟಂಟಂ ಗಾಡಿಯೊಂದು ಸಿಕ್ಕಿಬಿದ್ದಿತ್ತು. ಅದರ ತುಂಬ ಶೇಂಗಾ ಕಿತ್ತು ಮನೆಗೆ ಹೊರಟ ಹೆಂಗಸರು. ಮೇಲೆಲ್ಲೋ ಮಳೆ ಸುರಿದು ನೀರು ಏರುತ್ತಿತ್ತು. ಇಳಿದವರನ್ನು ಸೆಳೆದೊಯ್ಯುವ ರಭಸ. ಶಿವಲೀಲಾ ಹಗ್ಗ ಕಟ್ಟಿಸಿದಳು. ನಾನು ಎಳೆದೆ. ಹಗ್ಗ ಬಿಗಿಯಿತು, ಗಾಡಿ ಕದಲಲಿಲ್ಲ. ಮುಳ್ಳು ಗೆರೆಯ ಕೆಳಗೇ ನಡುಗುತ್ತ ನಿಂತಿತು. ನೀರು ಹೆಂಗಸರ ಮೊಣಕಾಲು ಮುಟ್ಟಿತ್ತು.

ಅವಳು ದಸ್ತಗೀರನ ಮುಖ ನೋಡಿದಳು. ಅವನು ಕೆಳಗಿಳಿದು, ಬಾನೆಟ್ ಎತ್ತಿ, ಕೆಂಡದಂಥ ಟರ್ಬೊದ ಪಕ್ಕ ಕೈ ತೂರಿಸಿ ಕಡ್ಡಿಯ ನಟ್ಟು ಬಿಗಿದ. ಮುಂಗೈ ಚುರ್ ಎಂದಿತು.

"ತುಳಿ, ತಂಗಿ. ಮೀಟರ್ ನೋಡಬ್ಯಾಡ."

"ಎಂಜಿನ್ ಹೋದ್ರ, ಅಣ್ಣ?"

"ಹೋದ್ರ ಇನ್ನೊಂದು ತರ್ತೀನಿ. ಅವ್ರನ್ನ ಎಲ್ಲಿಂದ ತರ್ಲಿ?"

ಅವಳು ತುಳಿದಳು. ಮುಳ್ಳು ಗೆರೆ ದಾಟಿತು. ನನ್ನೊಳಗೆ ಉಕ್ಕು ಉಕ್ಕನ್ನು ಕೆರೆಯಿತು. ಜೀಪಿನ ಚಕ್ರ ಜಾರಿ, ಕಲ್ಲು ಕಚ್ಚಿ, ಮತ್ತೆ ಜಾರಿತು. ಆಮೇಲೆ ಗಾಡಿ ಇಷ್ಟಿಷ್ಟೇ ದಡಕ್ಕೆ ಬಂತು. ಹೆಂಗಸರು ಕೆಸರಿನಲ್ಲೇ ಕುಸಿದು ಕೂತರು. ಸ್ವಲ್ಪ ಹೊತ್ತಿಗೆ ಹಳ್ಳ ರಸ್ತೆಯನ್ನೇ ನುಂಗಿತು.

ಅಂದಿನಿಂದ ನಾನು ಎಣ್ಣೆ ಕುಡಿದೆ, ನೀಲಿ ಹೊಗೆ ಉಗುಳಿದೆ. ಮತ್ತೆ ಬಿಚ್ಚಿ ಸರಿಮಾಡುತ್ತೇನೆಂದು ದಸ್ತಗೀರ ಎಷ್ಟು ಹೇಳಿದರೂ ಶಿವಲೀಲಾ, ಓಡುವಷ್ಟು ಓಡಲಿ ಎಂದಳು. ವರ್ಷಗಟ್ಟಲೆ ಓಡಿದೆ.

ಈಗ ದಸ್ತಗೀರನ ಗ್ಯಾರೇಜಿನ ಮೂಲೆಯಲ್ಲಿದ್ದೇನೆ. ಮೊನ್ನೆ ಬಿಡಿಭಾಗ ಹುಡುಕಿ ಬಂದ ಗಿರಾಕಿ ಬಿಚ್ಚಿಟ್ಟ ನನ್ನ ಸಿಲಿಂಡರಿನ ಗೀರುಗಳ ಮೇಲೆ ಬೆರಳಾಡಿಸಿ, ಯಾರೋ ಓಡಿಸಲು ಬಾರದವರು ಕೆಡಿಸಿದ್ದಾರೆ ಎಂದ. ದಸ್ತಗೀರ ನಕ್ಕ. ನನಗೂ ಬೇಸರವಾಗಲಿಲ್ಲ. ಸಂಜೆಯಾಗಿತ್ತು, ಆ ಹೆಂಗಸರು ತಂತಮ್ಮ ಮನೆಗಳಲ್ಲಿ ಒಲೆ ಹಚ್ಚುವ ಹೊತ್ತು.