ಎಂಟನೇ ತರಗತಿಗೆ ಬಂದ ದೊಡ್ಡತ್ತೆ

ವಿಜ್ಞಾನದ ಟೀಚರಿಗೆ ಹದಿನೇಳು ವರ್ಷ ಸೀಮೆಸುಣ್ಣವೇ ಸಾಕಾಗಿತ್ತು. ಹೊಸದಾಗಿ ಬಂದ ಹೆಡ್‌ಮಾಸ್ಟರಿಗೆ ಅದು ಸಾಲಲಿಲ್ಲ. ಪಾಠ ಆನ್‌ಲೈನಿನಲ್ಲಿ ತಯಾರಾಗಬೇಕು, ಪ್ರಶ್ನೆ ಗೋಡೆಯ ಪರದೆ ಮೇಲೆ ಬರಬೇಕು, ಮಕ್ಕಳು ಟ್ಯಾಬ್ಲೆಟ್‌ನಲ್ಲಿ ಉತ್ತರ ಒತ್ತಿದ ಕೂಡಲೇ ಅದು ಎಲ್ಲರಿಗೂ ಕಾಣಬೇಕು ಎಂದರು. ಸೋಮವಾರ ಎರಡನೇ ಪೀರಿಯಡ್ಡಿಗೆ ತಾವೇ ಬಂದು ಕೂರುವುದಾಗಿಯೂ ಹೇಳಿದರು.

ಭಾನುವಾರವಿಡೀ ಟೀಚರು ಊಟದ ಮೇಜನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ನೀರು ಆವಿಯಾಗುವ ಪಾಠಕ್ಕೆ ಅಂತೂ ಇಂತೂ ಮೂರು ಪ್ರಶ್ನೆ ಸಿದ್ಧವಾದವು. ಸೋಮವಾರ ಬೆಳಿಗ್ಗೆ ಒಂದು ಕೈಯಲ್ಲಿ ತಲೆ ಬಾಚಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಹೆಡ್‌ಮಾಸ್ಟರಿಗೆ ಲಿಂಕ್ ಕಳಿಸಿ, 'ದಯವಿಟ್ಟು ಹತ್ತೂವರೆಗೆ ತಪ್ಪದೆ ಸೇರಿಕೊಳ್ಳಿ' ಎಂದು ಬರೆದರು. ಅದು ಹೋದದ್ದು ಮಾತ್ರ ಮನೆಯವರ ವಾಟ್ಸಾಪ್ ಗುಂಪಿಗೆ.

ಆ ಗುಂಪಿನಲ್ಲಿದ್ದವರು ಮೂವರು: ಗಂಡ, ತಂಗಿ, ಮತ್ತು ಅಪ್ಪನ ಅಕ್ಕ ದೊಡ್ಡತ್ತೆ. ದೊಡ್ಡತ್ತೆ ಮೂವತ್ತು ವರ್ಷದಿಂದ ಲಾಂಡ್ರಿ ನಡೆಸುತ್ತಿದ್ದವರು. ಯಾರೇ ದಯವಿಟ್ಟು ಬನ್ನಿ ಎಂದು ಕರೆದರೂ ಹೋಗದೆ ಇರುವವರಲ್ಲ.

ತರಗತಿಯಲ್ಲಿ ಮೂವತ್ತೆರಡು ಮಕ್ಕಳಿದ್ದರು. ಪರದೆಯ ಮೂಲೆ ಮೂವತ್ತೈದು ಜನ ಎಂದು ತೋರಿಸುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತ ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡು ಮತ್ತೆ ತಲೆ ಎಣಿಸಿದರು. ಟೀಚರು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಮೊದಲ ಪ್ರಶ್ನೆ ಸಲೀಸಾಗಿ ಮುಗಿದದ್ದೇ ಅವರಿಗೆ ದೊಡ್ಡ ಸಮಾಧಾನ.

ಎರಡನೆಯದು, ಒದ್ದೆ ಬಟ್ಟೆ ಬೇಗ ಒಣಗಲು ಏನು ಬೇಕು ಎಂಬುದು. ಬಿಸಿಲು, ಗಾಳಿ ಎಂಬ ಪದಗಳು ಪರದೆ ಮೇಲೆ ಅರಳತೊಡಗಿದವು. ಹೆಚ್ಚು ಜನ ಬರೆದ ಪದ ದೊಡ್ಡದಾಗಿ ಕಾಣುತ್ತಿತ್ತು. ಅವುಗಳ ನಡುವೆ 'ಮೊದಲು ಚೆನ್ನಾಗಿ ಹಿಂಡಬೇಕು' ಎಂಬುದು ಬಂತು. ಅದರ ಪಕ್ಕದಲ್ಲೇ 'ಬೀರುವಿನ ಬೀಗದ ಕೈ ಎಲ್ಲಿಟ್ಟೆ' ಎಂಬುದೂ ಬಂತು.

ಕೇಳಿದ್ದು ಗಂಡನೇ ಎಂದು ಟೀಚರಿಗೆ ಕೂಡಲೇ ಹೊಳೆಯಿತು. ಆ ಬೀರು ಯಾರ ಮನೆಯದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಕೆಲವರು ಕೀಟಲೆಗೆ ಅದನ್ನೇ ಬರೆದು ಕಳಿಸಿದ್ದರಿಂದ, ನೋಡನೋಡುತ್ತಿದ್ದಂತೆ ಬೀಗದ ಕೈ ಬಿಸಿಲಿಗಿಂತ ದೊಡ್ಡದಾಯಿತು. ಟೀಚರು ಲಿಂಕ್ ಎಲ್ಲಿಗೆ ಹೋಗಿದೆ ಎಂಬುದನ್ನು ಎಲ್ಲರೆದುರೇ ಒಪ್ಪಿಕೊಂಡು, ನಾಚಿಕೆಯಿಂದ ಮುಂದಿನ ಪುಟಕ್ಕೆ ಹಾರಿದರು. ಅಲ್ಲಿ 'ನಿಮಗೆ ತಿಳಿಯದ್ದನ್ನು ಕೇಳಿ' ಎಂದಿತ್ತು. ಮಕ್ಕಳು ಇನ್ನೂ ನಗುತ್ತಿರುವಾಗಲೇ ದೊಡ್ಡತ್ತೆಯ ಹೆಸರಿನಲ್ಲಿ ಪ್ರಶ್ನೆ ಬಂದು ಕೂತಿತು.

'ಕೆಲವು ದಿನ ಸುಡುಬಿಸಿಲಿದ್ರೂ ಬಟ್ಟೆ ಒಣಗಲ್ಲ, ಬರೀ ಬೆವರು ಸುರಿಯುತ್ತೆ. ಚಳಿ ದಿನ ಒಂದೊಂದ್ಸಲ ಬೇಗ ಒಣಗುತ್ತೆ. ಯಾಕೆ?'

ಅಳಿಸಿಬಿಡಲು ಟೀಚರ ಬೆರಳು ಮುಂದೆ ಹೋಗಿತ್ತು. ಆದರೆ ತರಗತಿ ಗಪ್‌ಚಿಪ್ ಆಗಿದ್ದು ಕಂಡು ತಡೆದರು. ಮಕ್ಕಳು ನಿಜಕ್ಕೂ ಯೋಚಿಸುತ್ತಿದ್ದರು. ಟೀಚರು ತಾವಾಗಿ ಏನೂ ಹೇಳದೆ, ಗೊತ್ತಿದ್ದವರು ಬರೆಯಿರಿ, ಕೇಳಿದವರಿಗೂ ಕಾಣಲಿ ಎಂದರು. ಒಬ್ಬ ಸೋಪಿನ ದೋಷವೆಂದ, ಇನ್ನೊಬ್ಬಳು ಬಟ್ಟೆ ದಪ್ಪವಿರಬೇಕೆಂದಳು. ಕೊನೆಗೆ, ಬಾಯಿ ಮುಚ್ಚದವಳೆಂದು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದ ಹುಡುಗಿ, ಪೀರಿಯಡ್ಡಿನಲ್ಲಿ ಮೊದಲ ಬಾರಿ ಸದ್ದಿಲ್ಲದೆ ಕೂತು ಬರೆದಳು.

'ಬಸ್ಸು ತುಂಬಿದ್ರೆ ನಾವು ಹತ್ತಕ್ಕಾಗಲ್ವಲ್ಲ, ಹಂಗೆ. ಗಾಳೀಲಿ ಆಗ್ಲೇ ನೀರು ತುಂಬಿರುತ್ತೆ. ಬಟ್ಟೆ ನೀರಿಗೆ ಜಾಗ ಸಿಗಲ್ಲ.'



'ಹೌದಾ ಮಗಳೇ' ಎಂದು ದೊಡ್ಡತ್ತೆಯ ಉತ್ತರ ಬಂತು. 'ಮೂವತ್ತು ವರ್ಷದಿಂದ ನನ್ನ ಕೆಲಸದವರನ್ನ ಬೈತಿದ್ದೆ.'

ಈ ಸಲ ಎಲ್ಲರಿಗಿಂತ ಜೋರಾಗಿ ನಕ್ಕವರು ಹೆಡ್‌ಮಾಸ್ಟರು. ಗಾಳಿಯ ಆ ಗುಣಕ್ಕೆ ಆರ್ದ್ರತೆ ಎನ್ನುತ್ತಾರೆಂದು ಟೀಚರು ಕೈಗೆ ಸಿಕ್ಕ ಸೀಮೆಸುಣ್ಣದಿಂದ ದೊಡ್ಡಕ್ಷರದಲ್ಲಿ ಬರೆದರು. ಮುಂದಿನ ವಾರದ ಪಾಠ ಅಂದೇ ಮುಗಿದುಹೋಯಿತು. ಹೊರಗೆ ಹೋಗುವಾಗ ಹೆಡ್‌ಮಾಸ್ಟರು, ನಿಮ್ಮ ಅತ್ತೆಗೆ ಬಿಡುವಿದ್ದರೆ ಗುರುವಾರವೂ ಬರಲಿ ಎಂದರು.

ಸಂಜೆ ಟೀಚರು ಲಾಂಡ್ರಿಗೆ ಹೋದಾಗ ದೊಡ್ಡತ್ತೆ, ಅಂಗಿ ಕೇಳಲು ಬಂದವರೊಬ್ಬರನ್ನು ಗತ್ತಿನಿಂದ ಸಾಗಹಾಕುತ್ತಿದ್ದರು.

"ಇವತ್ತು ಆರ್ದ್ರತೆ ಜಾಸ್ತಿ ಇದೆ. ನಾಳೆ ಬನ್ನಿ."