ಬೆಂಕಿಗೆ ನಾಚುವ ಲೋಹ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ಯಾರಾದರೂ ಪಾಠ ಹೇಳಲು ಬಂದರೆ ಮೈ ಉರಿಯುತ್ತದೆ. ಇದು ನನ್ನ ಹಳೆಯ ರೋಗ. ೧೯೯೬ರಲ್ಲಿ ನಿವೃತ್ತನಾದ ಮೇಲೆ ಇನ್ನೂ ಹೆಚ್ಚಾಯಿತು, ಬೈಯಲು ಮಕ್ಕಳೇ ಇರಲಿಲ್ಲವಲ್ಲ. ಹೊತ್ತು ಕಳೆಯಲು ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಮೂಲವಸ್ತುಗಳ ಹೆಸರು ಬರೆಯತೊಡಗಿದೆ. ಕಬ್ಬಿಣಕ್ಕೆ, ಪಾದರಸಕ್ಕೆ, ಗಂಧಕಕ್ಕೆ ಯಾವ ಭಾಷೆಯಲ್ಲಿ ಏನನ್ನುತ್ತಾರೆ, ಆ ಹೆಸರು ಎಲ್ಲಿಂದ ಬಂತು, ಎಲ್ಲವನ್ನೂ. "ಮುನಿರಾಜಪ್ಪ ಮೇಷ್ಟ್ರು ಲೋಹಗಳಿಗೆಲ್ಲ ನಾಮಕರಣ ಮಾಡ್ತಾವ್ರೆ" ಎಂದು ಹೆಂಡತಿ ವೆಂಕಟಮ್ಮ ಕಂಡವರ ಮುಂದೆಲ್ಲ ಹೇಳುತ್ತಿದ್ದಳು.

ಆ ವರ್ಷ ದೊಮ್ಮಲೂರಿನ ನಮ್ಮ ಮನೆಯ ಅಟ್ಟದಿಂದ ಅಮ್ಮನ ಹಿತ್ತಾಳೆ ತಪ್ಪಲೆ ಇಳಿಸಿದೆವು. ಹುಳಿಗೆ ಕಿಲುಬದಂತೆ ಒಳಗೆ ಹಾಕಿಸಿದ್ದ ಕಲಾಯಿಯ ಲೇಪ ಪೂರ್ತಿ ಹೋಗಿತ್ತು. ಶಿವಾಜಿನಗರದ ಗಲ್ಲಿಯೊಂದರಲ್ಲಿ ಹಬೀಬ್ ಸಾಬರು ಇನ್ನೂ ಕಲಾಯಿ ಹಾಕುತ್ತಾರೆಂದು ಗೊತ್ತಿತ್ತು. ತಪ್ಪಲೆ ಹಿಡಿದು ಹೋದೆ.

ಅವರು ತಪ್ಪಲೆಯನ್ನು ಕೆಂಡದ ಮೇಲಿಟ್ಟು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿಯನ್ನು ಒಳಮೈಗೆ ಒಮ್ಮೆ ಎಳೆದರು. ಬಿಳಿ ಹೊಗೆ ಎದ್ದಿತು. ಹತ್ತಿಯ ಉಂಡೆಯಿಂದ ಸುತ್ತಲೂ ಒರೆಸುತ್ತಿದ್ದಂತೆ ಹಳದಿ ಪಾತ್ರೆಯ ಒಳಗೆಲ್ಲ ಬೆಳ್ಳಿಯ ಬಣ್ಣ ಬಂತು. ನನಗೆ ಸುಮ್ಮನಿರಲಾಗಲಿಲ್ಲ.

"ಸಾಬ್ರೇ, ಈ ಲೋಹಕ್ಕೆ ನಮ್ಮಲ್ಲಿ ತವರ ಅಂತಾರೆ. ನೀವೇನಂತೀರಿ?"

"ಕಲಾಯಿನೇ ಸಾರ್. ಲೋಹಕ್ಕೂ ಅದೇ, ಕೆಲಸಕ್ಕೂ ಅದೇ. ಸಮುದ್ರದಾಚೆ ಕಲಾಹ್ ಅಂತ ಒಂದು ಬಂದರು ಇತ್ತಂತೆ, ಅಲ್ಲಿಂದ ಹಡಗಲ್ಲಿ ಬರ್ತಿತ್ತು ಅಂತ ನಮ್ಮ ದಾದಾ ಹೇಳ್ತಿದ್ರು. ಪಕ್ಕದ ತಮಿಳಿನವರು ವೆಳ್ಳೀಯಂ ಅಂತಾರೆ."

"ಸಂಸ್ಕೃತದಲ್ಲಿ ತ್ರಪು. ಬೆಂಕಿ ಕಂಡ ಕೂಡ್ಲೇ ನಾಚ್ಕೊಂಡು ಕರಗಿಹೋಗೋದು ಅಂತ ಹಳೇ ಪಂಡಿತರು ಅರ್ಥ ಹೇಳ್ತಾರೆ."

ಸಾಬರು ಕೈಕೆಲಸ ನಿಲ್ಲಿಸಿ ನಕ್ಕರು. "ನಾಚ್ಕೊಳ್ಳುತ್ತಾ? ನಲವತ್ತು ವರ್ಷ ಆಯ್ತು, ನನಗೆ ಒಂದಿನಾನೂ ಹೇಳ್ಲಿಲ್ವಲ್ಲ!" ತಪ್ಪಲೆ ಕೊಡುವಾಗ, "ಬರೀ ಪಾತ್ರೆ ಒಲೆ ಮೇಲೆ ಇಡ್ಬೇಡಿ ಸಾರ್. ಮೊದಲು ನೀರು, ಆಮೇಲೆ ಬೆಂಕಿ" ಎಂದರು.

ಮೈ ಉರಿಯಿತು. "ಇನ್ನೂರ ಮೂವತ್ತೆರಡು ಡಿಗ್ರಿಗೆ ಕರಗುತ್ತೆ ಅಂತ ನಾನೇ ಪಾಠ ಮಾಡಿದ್ದೀನಿ ಸಾಬ್ರೇ" ಎಂದು ಹೇಳಿ ಬಂದೆ.

ಎರಡು ದಿನದ ನಂತರ ವೆಂಕಟಮ್ಮ ಕಗ್ಗದಾಸಪುರದ ತಂಗಿಯ ಮನೆಗೆ ಹೋಗಿದ್ದಳು. ನಾನೇ ಆ ತಪ್ಪಲೆಯಲ್ಲಿ ಹುಣಸೆಹುಳಿ ಹಿಂಡಿ ಸಾರು ಮಾಡಿದೆ. ಬಾಯಿಗಿಟ್ಟರೆ ಕಿಲುಬಿನ ರುಚಿ. ಸಂಜೆ ಬಂದು ಪಾತ್ರೆ ತೊಳೆದ ವೆಂಕಟಮ್ಮ ನನ್ನನ್ನು ಕರೆದಳು. ತಳದಲ್ಲಿ ಹಿತ್ತಾಳೆ ಹಳದಿಯಾಗಿ ಕಾಣುತ್ತಿತ್ತು. ಕರಗಿದ ಕಲಾಯಿ ಸಣ್ಣ ಗುಂಡುಗಳಾಗಿ ಒಂದು ಅಂಚಿಗೆ ಸೇರಿತ್ತು.

ನನ್ನ ಬುದ್ಧಿ ತಕ್ಷಣ ಲೆಕ್ಕ ಹಾಕಿತು. ಕುದಿಯುವ ಸಾರಿನ ಬಿಸಿ ನೂರು ಡಿಗ್ರಿ ದಾಟುವುದಿಲ್ಲ. ಶುದ್ಧ ತವರ ಅದಕ್ಕೆ ಕರಗದು. ಒಗ್ಗರಣೆ ಕಾಯುವಷ್ಟರಲ್ಲಿ ಕರಗಿದೆಯೆಂದರೆ ಅದರಲ್ಲಿ ಸೀಸ ಬೆರೆಸಿರಬೇಕು, ಬೆರಕೆ ಬೇಗ ಕರಗುತ್ತದೆ. ಸೀಸ ವಿಷ. ಮಾರನೆಯ ಬೆಳಿಗ್ಗೆಯೇ ಶಿವಾಜಿನಗರಕ್ಕೆ ಹೋದೆ.

ಅಂಗಡಿ ಮುಂದೆ ಹಲಸೂರಿನ ರಾಮಣ್ಣ ನಿಂತಿದ್ದ. ಮದುವೆ ಅಡುಗೆ ಮಾಡಿಸುವವನು. ಅವನ ಕೊಳಗ, ಹಂಡೆಗಳು ಬರದಿದ್ದರೆ ಸಾಬರಿಗೆ ಅರ್ಧ ವರ್ಷ ಕೆಲಸವಿಲ್ಲ. ನಾನು ಅದ್ಯಾವುದನ್ನೂ ನೋಡಲಿಲ್ಲ.

"ಸೀಸ ಬೆರೆಸ್ತೀಯಾ? ಜನಕ್ಕೆ ವಿಷ ಹಾಕ್ತೀಯಾ?" ಎಂದು ಕೂಗಿದೆ. ನೀವು ಅನ್ನುತ್ತಿದ್ದವನು ನೀನು ಎಂದೆ. ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದರು.

ಸಾಬರು ಎದ್ದು ನಿಂತರು. "ನಾನು ಸೀಸ ಮುಟ್ಟಲ್ಲ ಸಾರ್. ಬರೀ ಪಾತ್ರೆ ಒಲೆ ಮೇಲೆ ಇಟ್ರಾ?"

"ನಂಗೆ ಪಾಠ ಹೇಳ್ಬೇಡ!"

ರಾಮಣ್ಣ ತನ್ನ ಪಾತ್ರೆಗಳನ್ನು ಒಂದೊಂದಾಗಿ ಟೆಂಪೋಗೆ ವಾಪಸ್ ಏರಿಸಿದ. "ಸಾವಿರ ಜನಕ್ಕೆ ಊಟ ಹಾಕೋನು ನಾನು, ಬೇಜಾರು ಮಾಡ್ಕೋಬೇಡಿ" ಎಂದು ಸಾಬರಿಗೆ ಹೇಳಿದ. ಸಾಬರು ಉರಿಯುತ್ತಿದ್ದ ಒಲೆಯ ಮುಂದೆ ಕುಳಿತರು.

ನಾನು ಹೇಳಿದ್ದಕ್ಕೆ ಪುರಾವೆ ಬೇಕಲ್ಲ. ಹಳೆಯ ಶಾಲೆಯ ಲ್ಯಾಬಿಗೆ ಹೋಗಿ ಆ ಗುಂಡುಗಳನ್ನು ನೈಟ್ರಿಕ್ ಆಮ್ಲದಲ್ಲಿ ಹಾಕಿದೆ. ತವರ ಬಿಳಿ ಪುಡಿಯಾಗಿ ತಳಕ್ಕಿಳಿಯಿತು. ತಿಳಿಯನ್ನು ಸೋಸಿ ಪೊಟ್ಯಾಸಿಯಂ ಅಯೊಡೈಡ್ ಬಿಟ್ಟೆ. ಸೀಸವಿದ್ದರೆ ಗಾಢ ಹಳದಿ ಬರಬೇಕು. ಬರಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲವೂ ಬರಲಿಲ್ಲ. ಅದು ಅಪ್ಪಟ ತವರ.

ಮನೆಗೆ ಬಂದು ನೋಟ್‌ಬುಕ್ ತೆರೆದೆ. ತವರದ ಪುಟದಲ್ಲಿ ಕಲಾಹ್ ಬಂದರು, ಹಡಗು, ದಾದಾ ಎಲ್ಲವನ್ನೂ ದುಂಡಗೆ ಬರೆದಿದ್ದೆ. ಮೇಲೆ ತಾರೀಖು. ಸಾರು ಮಾಡಿದ ದಿನದ್ದೇ.

ಆಗ ಎಲ್ಲ ನೆನಪಾಯಿತು. ತೊಳೆದ ತಪ್ಪಲೆಯ ಪಸೆ ಆರಲೆಂದು ಗ್ಯಾಸ್ ಹಚ್ಚಿ ಇಟ್ಟಿದ್ದೆ, ಸ್ಟೀಲ್ ಪಾತ್ರೆಗೆ ಮಾಡುವ ಹಾಗೆ. ಅಷ್ಟರಲ್ಲಿ ಕಲಾಹ್ ನೆನಪಾಗಿ, ಮರೆತುಹೋದೀತೆಂದು ಬರೆಯಲು ಕುಳಿತೆ. ಒಂದು ಪುಟ ಬರೆದೆ. ಎದ್ದು ಬಂದು, ಒಳಗೆ ನೋಡದೆ ಎಣ್ಣೆ ಹುಯ್ದೆ.

ವೆಂಕಟಮ್ಮನಿಗೆ ಹೇಳಿದೆ. ಅವಳು ಹಾಸ್ಯ ಮಾಡಲಿಲ್ಲ. "ಇಲ್ಲಿ ನನ್ನ ಹತ್ರ ಹೇಳಿದ್ರೆ ಏನಾಯ್ತು ರೀ? ಎಲ್ಲಿ ಕೂಗಿದ್ರೋ ಅಲ್ಲಿಗೋಗಿ ಹೇಳಿ."

ಆ ರಾತ್ರಿ ನನ್ನನ್ನು ಹಿಡಿದದ್ದು ನಾಚಿಕೆ, ಅಷ್ಟೇ. ಅದಕ್ಕೆ ಬೇರೆ ಭಾಷೆಯ ಹೆಸರು ಹುಡುಕಬೇಕಾಗಿರಲಿಲ್ಲ.

ಬೆಳಿಗ್ಗೆ ಮೊದಲು ಹಲಸೂರಿಗೆ ಹೋಗಿ ರಾಮಣ್ಣನಿಗೆ ನಡೆದದ್ದು ಹೇಳಿ, ಅವನ ಟೆಂಪೋದಲ್ಲಿಯೇ ಶಿವಾಜಿನಗರಕ್ಕೆ ಹೋದೆ. ತೊಡೆಯ ಮೇಲೆ ಅಮ್ಮನ ತಪ್ಪಲೆ. ಗಲ್ಲಿಯ ನಡುವೆ ನಿಂತು, ಅಂದು ಕೂಗಿದಷ್ಟೇ ಗಟ್ಟಿಯಾಗಿ ಹೇಳಿದೆ. "ಸಾಬ್ರ ಕಲಾಯಿ ಅಪ್ಪಟ. ಬರೀ ಪಾತ್ರೆ ಒಲೆ ಮೇಲಿಟ್ಟು ಮರೆತೋನು ನಾನು. ಸುಳ್ಳು ಹೇಳಿದೋನೂ ನಾನೇ. ಹಬೀಬ್ ಸಾಬ್ರೇ, ಕ್ಷಮಿಸಿ."

ಅಂಗಡಿಯವರು ನೋಡುತ್ತ ನಿಂತರು. ರಾಮಣ್ಣ ಹಂಡೆಗಳನ್ನು ಇಳಿಸತೊಡಗಿದ. ಸಾಬರು ಒಲೆಯ ಕೆಂಡ ಕೆದಕಿದರು.

"ನಾಚ್ಕೊಳ್ಳೋ ಲೋಹ ಅಂದ್ರಲ್ಲ ಸಾರ್, ಅದನ್ನ ಮನೇಲಿ ಹೇಳಿದ್ದೆ. ನನ್ನ ಹೆಂಡ್ತಿ ಕುಲ್ಸುಂ ದಿನಾ ಹೇಳ್ಕೊಂಡು ನಗ್ತಿದ್ಲು. ನೀವು ಕೂಗಿ ಹೋದ್ಮೇಲೆ ನಗ್ಲಿಲ್ಲ" ಎಂದರು. ಆಮೇಲೆ ಕೈ ಚಾಚಿದರು. "ಕೊಡಿ ತಪ್ಪಲೆ."

ಮತ್ತೆ ಕೆಂಡ, ನವಸಾಗರ, ಬಿಳಿ ಹೊಗೆ. ಕಲಾಯಿ ಮುಗಿದ ಮೇಲೆ ಪಾತ್ರೆಯನ್ನು ನನ್ನ ಕೈಗೆ ಕೊಡಲಿಲ್ಲ. ನಲ್ಲಿಯ ಹತ್ತಿರ ಒಯ್ದು, ಮುಕ್ಕಾಲು ನೀರು ತುಂಬಿಸಿ ತಂದು ಕೊಟ್ಟರು. ಈ ಸಲ ನನಗೆ ಮೈ ಉರಿಯಲಿಲ್ಲ.

ಬಸ್ಸಿನಲ್ಲಿ ಎರಡೂ ಕೈಯಲ್ಲಿ ತಪ್ಪಲೆ ಹಿಡಿದು ಕುಳಿತೆ. ತಿರುವಿನಲ್ಲೆಲ್ಲ ನೀರು ತುಳುಕಿ ಪಂಚೆ ನೆನೆಯಿತು. "ಆ ನೀರು ಚೆಲ್ಬಿಡಿ ಯಜಮಾನ್ರೇ" ಎಂದ ಕಂಡಕ್ಟರ್.

ದೊಮ್ಮಲೂರಿನವರೆಗೂ ಹಾಗೆಯೇ ಹಿಡಿದು ತಂದು, ಆ ನೀರಿನ ಸಮೇತ ಒಲೆಯ ಮೇಲಿಟ್ಟೆ.