ನೀಲಿ ನಾಲಿಗೆ

"ನಾಲ್ಗೆ ಚಾಚೇ, ಮುಂಡೆ! ಇನ್ನೂ ಈಚೆಗೆ. ದನ ಉಪ್ಪು ನೆಕ್ಕೋ ಹಂಗೆ ಚಾಚು."

ಜಂಫಿರಾ ಚಾಚಿದಳು. ಬೆಟ್ಟದ ಕಾವಲುಗಾರ ಪಾಂತೆಲಿ ದೊಡ್ಡ ಡಾಕ್ಟರನ ಹಾಗೆ ಬಗ್ಗಿ ಟಾರ್ಚು ಬಿಟ್ಟ. ನೇರಳೆ ತಿಂದವರ ಹಾಗೆ ನಾಲಿಗೆ ನೀಲಿಗಟ್ಟಿತ್ತು. ಬೆಟ್ಟದ ನೀಲಿಹಣ್ಣು ಕದ್ದು ಕಿತ್ತವರು ಹೊಳೆಯಲ್ಲಿ ಕೈ ತೊಳೆದುಕೊಂಡು ಬರುತ್ತಾರೆ, ನಾಲಿಗೆ ತೊಳೆಯುವುದನ್ನು ಮರೆಯುತ್ತಾರೆ ಎಂಬುದು ಅವನ ಸಂಶೋಧನೆ. ಅದಕ್ಕೆ ಮೆಚ್ಚಿ ಕಚೇರಿಯವರು ಅವನಿಗೊಂದು ಹೊಸ ಸೀಟಿ ಕೊಟ್ಟಿದ್ದರು.

"ಬುಟ್ಟೀಲಿ ಬರೀ ಪುಳ್ಳೆ ಅಂದೆ? ಪುಳ್ಳೆ ತಿಂದ್ರೆ ನಾಲ್ಗೆ ನೀಲಿ ಆಯ್ತದೇನೆ?"

"ಒಂದ್ ಹಿಡಿ ಬಾಯಿಗಾಕ್ಕೊಂಡೆ ಕಣಣ್ಣ. ಹೊಟ್ಟೆ ಹಸಿದಿತ್ತು."

"ಅಣ್ಣ ಗಿಣ್ಣ ಅಂದ್ರೆ ಹಲ್ಲು ಉದುರ್ಸ್‌ಬಿಡ್ತೀನಿ. ಸಾಹೇಬ್ರೇ ಅನ್ನು."

ಪುಳ್ಳೆ ಚೆಲ್ಲಿ, ಕೆಳಗಿದ್ದ ಹಣ್ಣಿನ ಸಮೇತ ಬುಟ್ಟಿ ಕಸಿದುಕೊಂಡ. ಗಣಿಯ ದಿನಗಳಲ್ಲಿ ಇದೇ ಸಾಹೇಬರು ಜಂಫಿರಾಳ ಗಂಡ ದೋರುವಿನ ಪಕ್ಕದಲ್ಲೇ ಕೂತು ಕಲ್ಲಿದ್ದಲು ಕಡಿಯುತ್ತಿದ್ದರು, ಅವಳು ಕಟ್ಟಿಕೊಟ್ಟ ನೀಲಿಹಣ್ಣಿನ ರೊಟ್ಟಿಯಲ್ಲಿ ಅರ್ಧ ಕಿತ್ತು ತಿನ್ನುತ್ತಿದ್ದರು. ದೋರು ಎದೆಯಲ್ಲಿ ಗಣಿಯ ದೂಳು ತುಂಬಿಕೊಂಡು ಸತ್ತ. ಪಾಂತೆಲಿ ಕಾವಲುಗಾರನಾದ.

ಆ ಗಣಿ ನಡೆಯುವಾಗ ಬೆಟ್ಟದ ಹೊಟ್ಟೆ ಬಗೆದರು, ಹೊಳೆಗೆ ಕಪ್ಪು ನೀರು ಬಿಟ್ಟರು. ಬೆಟ್ಟಕ್ಕೆ ನೋವಾಯಿತೆಂದು ಯಾರೂ ಕಣ್ಣೀರು ಹಾಕಲಿಲ್ಲ. ಗಣಿ ಮುಚ್ಚಿ, ಪಟ್ಟಣದವರು ಬಣ್ಣದ ಬೂಟು ಹಾಕಿಕೊಂಡು ಗಾಳಿ ಸೇವನೆಗೆ ಬರತೊಡಗಿದ್ದೇ ತಡ, ಬೆಟ್ಟ ಸುಕುಮಾರಿಯಾಗಿಬಿಟ್ಟಿತು. ಊರ ಕೊನೇ ಬೀದಿಯ, ಜಂಫಿರಾಳಂಥ ರೋಮಾ ಜನಾಂಗದ ಹೆಂಗಸಿನ ಬೆರಳು ತಾಗಿದರೂ ಅದಕ್ಕೆ ಗಾಯ. ಟಿಕೇಟು ಕೊಂಡವರ ನಾಲ್ಕು ಗಾಲಿಯ ಮೋಟಾರು ಪೊದೆಗಳ ಮೇಲೆ ಹಾದುಹೋದರೆ ಬರೀ ಕಚಗುಳಿ. ಗೇಟಿನ ಮೇಲೆ ಬೋರ್ಡು ಬಂತು: ‘ನಿಸರ್ಗವನ್ನು ಸವಿಯಿರಿ, ನಿಸರ್ಗವನ್ನು ಉಳಿಸಿರಿ.’ ಸವಿಯುವವರು ಯಾರು, ಉಳಿಸಬೇಕಾದವರು ಯಾರು ಎಂಬುದನ್ನು ಬೋರ್ಡಿನಲ್ಲಿ ಬರೆದಿರಲಿಲ್ಲ. ಅದನ್ನು ಪಾಂತೆಲಿ ಬಾಯಲ್ಲಿ ಹೇಳುತ್ತಿದ್ದ.

"ಈ ಹಣ್ಣು ಕುದ್ಸಿ ಸೀಸೆಗಾಕಿ ರಸ್ತೇಲಿ ಮಾರಿದ್ರೇನೇ ಚಳಿಗಾಲಕ್ಕೆ ಜೋಳದಿಟ್ಟು, ಸೌದೆ. ನಿಂಗೂ ಗೊತ್ತಲ್ಲ," ಎಂದಳು ಜಂಫಿರಾ. "ಹೋಗ್ಲಿ, ಬುಟ್ಟಿನಾದ್ರೂ ಕೊಡು. ಹಿಡಿಗೆ ಗಣಿ ತಂತಿ ಸುತ್ತಿದ್ದು ದೋರು."

"ಜಪ್ತಿ ಆದ್ಮೇಲೆ ಎಲ್ಲಾ ಸರ್ಕಾರದ್ದು. ನಾಳೆ ಗೇಟಿನ ಉದ್ಘಾಟನೆ ಐತೆ, ಬಂದು ತಟ್ಟೆ ತೊಳಿ. ಉಳಿದಿದ್ದು ತಿನ್ನು. ಹಿಂದ್ಗಡೆನೇ ಇರು, ಫೋಟೋದಾಗೆ ಬಿದ್ದೀಯ."

ಮರುದಿನ ಬೆಟ್ಟದ ತಪ್ಪಲಲ್ಲಿ, ಗೇಟಿನ ಒಳಬದಿಗೇ, ಮುಂಬದಿ ತೆರೆದ ಡೇರೆ ಎದ್ದಿತು. ಪಾದ್ರಿ ತುಳಸಿಯಂಥ ಸೊಪ್ಪಿನ ಕಂತೆ ಅದ್ದಿ ಗೇಟಿಗೂ ಮೋಟಾರುಗಳಿಗೂ ಪವಿತ್ರ ಜಲ ಚಿಮುಕಿಸಿದ. ಜಿಲ್ಲೆಯ ದೊಡ್ಡ ಸಾಹೇಬ ಭಾಷಣ ಮಾಡಿದ. "ನಾವೆಲ್ಲ ಈ ಬೆಟ್ಟದ ಮಕ್ಕಳು," ಎಂದ. ಬೆಟ್ಟ ಹತ್ತಿ ಅಭ್ಯಾಸವಿಲ್ಲದ ಆ ಮಗನಿಗೆ ವೇದಿಕೆಯ ಮೂರು ಮೆಟ್ಟಿಲಿಗೇ ಏದುಸಿರು ಬಂದಿತ್ತು. ಗೇಟಿನಾಚೆ ಕೊನೇ ಬೀದಿಯ ಹೆಂಗಸರು ಬರಿಗೈಯಲ್ಲಿ ನಿಂತು ನೋಡುತ್ತಿದ್ದರು.

ಡೇರೆಯ ಹಿಂದೆ ಜಂಫಿರಾ, ಪಕ್ಕದ ಮನೆಯ ಹುಡುಗಿ ರಾದಾ ತಟ್ಟೆ ತೊಳೆಯುತ್ತಿದ್ದರು. ಬಂದ ತಟ್ಟೆಗಳೆಲ್ಲ ನೀಲಿ. ಒಳಗೆ ಹಣ್ಣಿನ ಹೂರಣ ತುಂಬಿದ ಕಡುಬು ಹಂಚುತ್ತ, "ನಮ್ಮ ಕಾಡಿನದೇ ಶುದ್ಧ ರುಚಿ!" ಎಂದು ಯಾರೋ ಮೈಕಿನಲ್ಲಿ ಕೂಗುತ್ತಿದ್ದರು. ರಾದಾ ಪಕ್ಕದ ಅಡಿಗೆ ಮೇಜಿನ ಕೆಳಗೆ ಬಗ್ಗಿ ನೋಡಿದಳು.

"ಅಕ್ಕಾ, ಅಲ್ನೋಡು. ತಂತಿ ಸುತ್ತಿರೋದು. ನಿನ್ ಬುಟ್ಟಿನೇ ಅಲ್ವಾ?"

ಬುಟ್ಟಿ ಖಾಲಿಯಾಗಿತ್ತು.

"ಸೂಳೆಮಕ್ಳು, ನಿನ್ ಹಣ್ಣೇ ತಿಂತಾವ್ರೆ ಕಣಕ್ಕ."

ಜಂಫಿರಾಳಿಗೆ ಸಿಟ್ಟು ಉಕ್ಕಿಬಂತು. ಆದರೂ ಲಂಗಕ್ಕೆ ನಿಧಾನವಾಗಿ ಕೈ ಒರೆಸಿಕೊಂಡು, ಬುಟ್ಟಿ ಎತ್ತಿಕೊಂಡು ಡೇರೆಯೊಳಕ್ಕೆ ಹೋದಳು. ಪಾಂತೆಲಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಎರಡೂ ಕೈಯಲ್ಲಿ ಕಡುಬು ಜಡಿಯುತ್ತಿದ್ದ. ಕೋಟಿನಲ್ಲಿ ಸೀಟಿ ನೇತಾಡುತ್ತಿತ್ತು. ಅವಳು ಅದನ್ನು ಕಿತ್ತು ಬಾಯಿಗಿಟ್ಟು ಊದಿದಳು. ಮೈಕು ಕೂಡ ಸುಮ್ಮನಾಯಿತು.

"ನಾಲ್ಗೆ ಚಾಚ್ರಿ, ದೊರೆಗಳೇ," ಎಂದಳು ದೊಡ್ಡ ಸಾಹೇಬನ ಮುಂದೆ ನಿಂತು. "ಇನ್ನೂ ಈಚೆಗೆ. ದನ ಉಪ್ಪು ನೆಕ್ಕೋ ಹಂಗೆ."

ಸಾಹೇಬ ತುಟಿ ಬಿಗಿದ. ಇದೇನೋ ಹಳ್ಳಿಯ ವಿನೋದವೆಂದುಕೊಂಡ ಪಾದ್ರಿ ಮಾತ್ರ ನಗುನಗುತ್ತ ನಾಲಿಗೆಯನ್ನು ಗಡ್ಡದವರೆಗೂ ಚಾಚಿದ. ಕಡುನೀಲಿ. ಫೋಟೋದವನು ಟಕ್ಕೆಂದು ಹೊಡೆದ.

ಗೇಟಿನಾಚೆ ಒಬ್ಬಳು ಕಿಸಕ್ಕೆಂದಳು. ಆಮೇಲೆ ಇಡೀ ಬೀದಿಯೇ ಹೊಟ್ಟೆ ಹಿಡಿದುಕೊಂಡು ನಗತೊಡಗಿತು. ಜಂಫಿರಾ ಸೀಟಿ ಊದುತ್ತ ನಡೆದು ಗೇಟಿನ ಅಗುಳಿ ಸರಿಸಿದಳು. ಹೆಂಗಸರು ಒಳನುಗ್ಗಿ ಮೇಜಿನ ಮೇಲಿನ ತಟ್ಟೆ, ಬಟ್ಟಲು, ಸಾಹೇಬನ ಹ್ಯಾಟು, ಕೈಗೆ ಸಿಕ್ಕಿದ್ದನ್ನೆಲ್ಲ ಬುಟ್ಟಿ ಮಾಡಿಕೊಂಡು ಅವಳ ಹಿಂದೆ ಬೆಟ್ಟ ಹತ್ತಿದರು.

"ತಡಿಯೋ ಅವರನ್ನ! ಕೂಗೋ!" ಎಂದು ಕರವಸ್ತ್ರದ ಹಿಂದಿನಿಂದ ಸಾಹೇಬ ಗದರಿದ.

ಕೂಗಬೇಕಾದರೆ ಪಾಂತೆಲಿ ಬಾಯಿ ತೆರೆಯಬೇಕಿತ್ತು. ಫೋಟೋದವನು ಅವನೆದುರೇ ನಿಂತಿದ್ದ.